ಮೇಬಲ್ ಹುರಿದ ಇನ್ನೊಂದು ಮೊಟ್ಟೆ

ಎರಡನೇ ಮಹಾಯುದ್ಧದ ದಿನಗಳಲ್ಲಿ ಸಿರಿಲ್ ಹಾಬ್ಲಿ ಬಾಂಬರ್ ವಿಮಾನದ ಬಾಲದ ಗಾಜಿನ ಗೂಡಿನಲ್ಲಿ ಕೂತು ಗುಂಡು ಹಾರಿಸುವ ಗನ್ನರ್. ಇಂಗ್ಲೆಂಡಿನ ಲಿಂಕನ್‌ಶೈರಿನ ಆ ವಿಮಾನನೆಲೆಯಲ್ಲಿ ಅವನಷ್ಟು ಗಾಜು ಒರೆಸಿದವರು ಇನ್ನೊಬ್ಬರಿರಲಿಲ್ಲ. ಗಾಜಿನ ಮೇಲೆ ಸಾಸಿವೆಯಷ್ಟು ಕೊಳೆ ಉಳಿದರೂ ಕತ್ತಲಲ್ಲಿ ಅದು ಶತ್ರುವಿನ ವಿಮಾನದಂತೆಯೇ ಕಾಣುತ್ತದೆ. ಹೊಸದರಲ್ಲಿ ಅವನು ಒಂದು ನೊಣದ ಹಿಕ್ಕೆಗೆ ಇನ್ನೂರು ಗುಂಡು ಹಾರಿಸಿದ್ದ.

“ಹಿಕ್ಕೆ ಸತ್ತಿತೇನೋ?” ಎಂದು ಆಂಬ್ರೋಸ್ ಟಕ್ ಆಮೇಲೆ ದಿನಾ ಕಾಡಿಸುತ್ತಿದ್ದ. ಟಕ್ ಅದೇ ವಿಮಾನದ ನೆತ್ತಿಯ ಗೂಡಿನಲ್ಲಿ ಕೂರುವ ಗನ್ನರ್. ಸಿರಿಲ್‌ಗೆ ಒಡಹುಟ್ಟಿದವರಿರಲಿಲ್ಲ, ಈ ಬಾಯಿಬಡುಕನೇ ಆ ಜಾಗ ತುಂಬಿದ್ದ.

ಯುದ್ಧದ ಅಭಾವದಿಂದ ಎಲ್ಲರೂ ಡಬ್ಬಿಯ ಮೊಟ್ಟೆಪುಡಿ ತಿನ್ನುತ್ತಿದ್ದ ಆ ಕಾಲದಲ್ಲಿ ಹಾರುವವರಿಗೆ ಮಾತ್ರ ನಿಜವಾದ ಮೊಟ್ಟೆ. ಹೋಗುವ ಮುಂಚೆ ಒಂದು, ಬಂದರೆ ಇನ್ನೊಂದು. “ನೀನು ಬರದಿದ್ರೆ ನಿನ್ನ ಮೊಟ್ಟೆ ನಂಗೆ ಕಣೋ” ಎಂದು ಒಬ್ಬರಿಗೊಬ್ಬರು ಹೇಳಿಕೊಂಡೇ ಹೊರಡುವುದು ವಾಡಿಕೆ.

ಮೂವತ್ತು ಸಲ ದಾಳಿಗೆ ಹೋಗಿಬಂದವನಿಗೆ ಹಾರಾಟದಿಂದ ಬಿಡುಗಡೆ. ಸಿರಿಲ್‌ನ ಮೂವತ್ತು ಮುಗಿದವು. ಕಿವಿನೋವಿನಿಂದ ಒಮ್ಮೆ ಮಲಗಿದ್ದ ಟಕ್‌ಗೆ ಒಂದು ಬಾಕಿ ಉಳಿಯಿತು. ಅದನ್ನು ಗುರುತಿಲ್ಲದ ತಂಡದೊಂದಿಗೆ ಮುಗಿಸಬೇಕು. ಆ ತಂಡದ ಬಾಲದ ಗನ್ನರ್‌ಗೆ ಜ್ವರ ಬೇರೆ.

ಹೆಂಡತಿ ಎಡ್ನಾಗೆ “ಶನಿವಾರ ಬರ್ತೀನಿ” ಎಂದು ಬರೆದ ಕಾಗದವನ್ನು ಸಿರಿಲ್ ಜೇಬಿನಲ್ಲಿಟ್ಟುಕೊಂಡು ಬೆಳಗಿನಿಂದ ಸುತ್ತಿದ. ಕೊನೆಗೆ ಕಾಲು ಅವನನ್ನು ಅಧಿಕಾರಿಯ ಕೋಣೆಗೆ ಕರೆದೊಯ್ದಿತು.

ಸಂಜೆ ಊಟದ ಮನೆಯಲ್ಲಿ ಟಕ್, ಅಡುಗೆಯ ಮೇಬಲ್ ಹುರಿದುಕೊಟ್ಟ ತನ್ನ ಮೊಟ್ಟೆಯನ್ನು ಮುಟ್ಟದೆ ಕೂತಿದ್ದ.

“ಇವತ್ತು ನಾನು ಬರದಿದ್ರೆ ನನ್ನ ಮೊಟ್ಟೆ ಯಾರಿಗೋ? ನಿನಗಂತೂ ಕೊಡಲ್ಲ ಮೇಬಲಕ್ಕ. ನೀನು ಹಾರೋನಲ್ಲ” ಎಂದು ಸಿರಿಲ್‌ಗೆ ಹೇಳಿದ.

ಸಿರಿಲ್ ತಟ್ಟೆ ಚಾಚಿದ. “ಅಕ್ಕಾ, ನಂಗೂ ಒಂದು.”

“ಹೋಗಪ್ಪ, ಪಟ್ಟಿಯಲ್ಲಿ ಹೆಸರಿದ್ದೋರಿಗೆ ಮಾತ್ರ” ಎಂದಳು ಒಲೆಯ ಮುಂದಿದ್ದ ಮೇಬಲ್.

“ಪಟ್ಟಿ ಸರಿಯಾಗಿ ನೋಡಕ್ಕ.”

ಅವಳು ನೋಡಿದಳು. ಕೊನೆಯ ಸಾಲಿನಲ್ಲಿ ಸಿರಿಲ್‌ನ ಹೆಸರು, ಶಾಯಿ ಇನ್ನೂ ಹಸಿಯಾಗಿತ್ತು. ಅವಳು ಬಾಣಲೆಗೆ ಇನ್ನೊಂದು ಮೊಟ್ಟೆ ಒಡೆದಳು.

ಟಕ್‌ನ ಮುಖ ಕೆಂಪಾಯಿತು. “ತಲೆ ಕೆಟ್ಟಿದ್ಯೇನೋ? ಎಡ್ನಾಗೆ ಏನು ಹೇಳ್ತೀಯ?”

ಸಿರಿಲ್ ಕಾಗದ ಬಿಚ್ಚಿ, ಶನಿವಾರವನ್ನು ಹೊಡೆದುಹಾಕಿ ಭಾನುವಾರ ಎಂದು ತಿದ್ದಿದ. ಟಕ್ ಅದನ್ನು ಕಂಡ. ತನ್ನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.

“ಗಾಜು ಒರೆಸಿದ್ಯಾ?”

“ಎರಡು ಸಲ.”

“ಸರಿ, ತಿನ್ನು. ಆರಿಹೋಗ್ತದೆ” ಎಂದು ಟಕ್ ತನ್ನ ಮೊಟ್ಟೆಗೆ ಕೈಹಾಕಿದ.