ಅರಬ್ ಅಲ್ಲದ ಅರಬ್ ನೃತ್ಯ

1892ರ ಡಿಸೆಂಬರ್ 18ರಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಕ್ರಿಸ್‌ಮಸ್‌ಗೆ ಗೊಂಬೆ ಪಡೆದ ಹುಡುಗಿಯೊಬ್ಬಳು ಸಿಹಿತಿಂಡಿಗಳ ನಾಡಿಗೆ ಹೋಗುವ ಬ್ಯಾಲೆ ಮೊದಲ ಬಾರಿ ರಂಗಕ್ಕೆ ಬಂತು. ವಿಮರ್ಶಕರಿಗೆ ಹಿಡಿಸಲಿಲ್ಲ. ವೇದಿಕೆಯ ತುಂಬ ಮಕ್ಕಳೇ, ಮುಖ್ಯ ನರ್ತಕಿ ಕುಣಿಯುವುದು ಕೊನೆಗೆ ಎಂಬುದು ಅವರ ದೂರು. 1944ರ ಕ್ರಿಸ್‌ಮಸ್ ಹಿಂದಿನ ದಿನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕದ ಮೊದಲ ಪೂರ್ಣ ಪ್ರದರ್ಶನ ನಡೆಯಿತು. ಮುಂದೆ ಅದು ರಜೆಯ ದಿನಗಳ ರೂಢಿಯಾಯಿತು.

ಇಷ್ಟನ್ನು ನಾನು, ಮಗಳ ನೃತ್ಯ ತರಗತಿಯವರು ಇದೇ ಬ್ಯಾಲೆ ಆಡುವ ಕಾರ್ಯಕ್ರಮದ ಕರಪತ್ರಕ್ಕೆ ಬರೆದುಕೊಟ್ಟಿದ್ದೆ. ತರಗತಿ ನಡೆಯುವುದು ನಾವಿರುವ ಈ ಗಲ್ಫ್ ನಗರದ ಮದೀನತ್ ಖಲೀಫಾ ಬಡಾವಣೆಯ ಒಂದು ವಿಲ್ಲಾದಲ್ಲಿ. ನಾನು ಪತ್ರಿಕೆಯೊಂದರಲ್ಲಿ ಸುದ್ದಿಬರಹ ತಿದ್ದುವವಳೆಂದು ಟೀಚರ್ ಈ ಕೆಲಸ ಒಪ್ಪಿಸಿದ್ದರು. ಎರಡು ಕಡೆ ಪರಿಶೀಲಿಸಿ ಇನ್ನೊಂದು ವಾಕ್ಯವನ್ನೂ ಸೇರಿಸಿದೆ: ಇದರಲ್ಲಿ ಕಾಫಿಯನ್ನು ಪ್ರತಿನಿಧಿಸುವ 'ಅರಬ್ ನೃತ್ಯ'ದ ರಾಗ ಅರಬ್ಬರದಲ್ಲ, ಜಾರ್ಜಿಯಾ ದೇಶದ ಒಂದು ಲಾಲಿಹಾಡಿನದು.

ಮಗಳಿಗೆ ಸಿಕ್ಕಿದ್ದು ಅದೇ ನೃತ್ಯ. ಮೂರು ವರ್ಷಗಳಿಂದ ಹಿಂದಿನ ಸಾಲಿನಲ್ಲೇ ನಿಂತವಳಿಗೆ ಮೊದಲ ಬಾರಿ ಮುಂದಿನ ಜಾಗ.

ಮರುವಾರ ವಾಟ್ಸ್ಯಾಪ್ ಗುಂಪಿಗೆ ನೃತ್ಯಗಳ ಪಟ್ಟಿ ಬಂತು. ಚಾಕಲೇಟಿನ ನೃತ್ಯ ಆದ ಮೇಲೆ ನೇರ ಚಹಾದ್ದು. ಕಾಫಿ ಇರಲಿಲ್ಲ. ಮಗಳು ಎರಡು ಸಲ ಓದಿ ಫೋನನ್ನು ಕವುಚಿಟ್ಟಳು.

"ಮಮ್ಮಿ, ನಾನು ಸರಿ ಮಾಡ್ಲಿಲ್ವಾ?"

ನನ್ನ ಅನುಮಾನ ಪಕ್ಕದ ಫ್ಲ್ಯಾಟಿನವಳ ಮೇಲೆ ಹೋಯಿತು. ಅವಳು ಬಂಟ್ವಾಳದವಳು, ನನ್ನ ಮನೆಮಾತು ಕೊಂಕಣಿ, ಅವಳದು ಬ್ಯಾರಿ, ನಮ್ಮಿಬ್ಬರ ನಡುವೆ ಕನ್ನಡ. ಇಬ್ಬರ ಮಕ್ಕಳನ್ನೂ ತರಗತಿಗೆ ಕರೆದೊಯ್ಯುವವಳು ಅವಳೇ. ಮುಗಿಯುವವರೆಗೂ ಅಲ್ಲೇ ಕೂತು ಟೀಚರ್ ಜೊತೆ ಮಾತಾಡುತ್ತಾಳೆ. ಅದೇ ವಾರ ಅವಳ ಮಗಳಿಗೆ ಹಿಮದ ನೃತ್ಯದಲ್ಲಿ ನಡುವಿನ ಜಾಗ ಸಿಕ್ಕಿತ್ತು. ಪಟ್ಟಿ ಬಂದದ್ದು 4.10ಕ್ಕೆ. 'ಛೇ, ಬೇಜಾರಾಯ್ತು ಅಕ್ಕ' ಎಂಬ ಅವಳ ಸಂದೇಶ 4.11ಕ್ಕೆ. ಅಷ್ಟು ಉದ್ದದ ಪಟ್ಟಿಯನ್ನು ಒಂದೇ ನಿಮಿಷದಲ್ಲಿ ಯಾರು ಓದುತ್ತಾರೆ? ಎರಡೂ ವೇಳೆಯನ್ನು ಬರೆದಿಟ್ಟುಕೊಂಡೆ.

ಒಂದು ವಾರ ಅವಳೊಂದಿಗೆ ಹೆಚ್ಚು ಮಾತಾಡಲಿಲ್ಲ. ಮುಂದಿನ ತರಗತಿಗೆ ನಾನೂ ಹೊರಟೆ. ವಿಲ್ಲಾದ ಗೇಟಿನ ಬಳಿ ಮಕ್ಕಳು ಇಳಿದ ಮೇಲೆ, ಕಾರಿನಲ್ಲೇ ಕೇಳಿದೆ.

"ಟೀಚರ್ ಹತ್ರ ನೀನು ಏನಾದ್ರೂ ಹೇಳಿದ್ದುಂಟಾ?"

"ನನ್ನ ಮೇಲೆ ಡೌಟಾ! ಒಂದು ವಾರದಿಂದ ಮುಖ ಊದಿಸಿಕೊಂಡದ್ದು ಇದಕ್ಕಾ ಮಾರಾಯ್ರೆ?" ಅವಳು ಜೋರಾಗಿ ನಕ್ಕಳು. "ಈ ಡಾನ್ಸಲ್ಲಿ ಅರಬ್ ಮಾಫಿ, ಅರಬ್ಬರದ್ದು ಏನೂ ಇಲ್ಲ ಅಂತ ಬರೆದದ್ದು ಯಾರು? ಟೀಚರಿಗೆ ಹೆದರಿಕೆ ಹಿಡೀತು. ಎದುರಿಗೆ ಅರಬ್ ತಾಯಂದಿರೇ ಕೂತಿರ್ತಾರೆ, ಅವರ ಮುಂದೆ ಸುಳ್ಳು ಅರಬ್ ಡಾನ್ಸಾ? ತೆಗೆದುಬಿಟ್ರು. ಖಲಾಸ್."

"ನಿನಗೆ ಹೇಗೆ ಗೊತ್ತು?"

"ಅವರೇ ಹೇಳಿದ್ದು. ನಿಮ್ಮ ಹತ್ರ ಹೇಳ್ಲಿಕ್ಕೆ ಅವರಿಗೆ ಧೈರ್ಯ ಇಲ್ಲ. ನೀವು ಪೇಪರಿನವರಲ್ವಾ!"

ಒಬ್ಬರ ಮಾತಷ್ಟೇ ಸಾಲದೆಂದು ಒಳಗೆ ಹೋಗಿ ಟೀಚರನ್ನು ಕೇಳಿದೆ. ಅವರು ಒಪ್ಪಿಕೊಂಡರು.

"ನೀವು ಬರೆದದ್ದು ನಿಜ ತಾನೇ?"

"ನಿಜ."

"ಹಾಗಾದರೆ ನಾನೇನು ಮಾಡಲಿ?"

ಮನೆಗೆ ಬಂದು ಮಗಳಿಗೆ ತಪ್ಪು ನನ್ನದೆಂದು ಹೇಳಿದೆ.

"ಯಾರಾದ್ರೂ ಕೇಳಿದ್ರಾ ಮಮ್ಮಿ, ಅದು ಯಾರ ಹಾಡು ಅಂತ?"

ಯಾರೂ ಕೇಳಿರಲಿಲ್ಲ. ಆ ವಾಕ್ಯವನ್ನು ತೆಗೆದುಹಾಕಿ, ಯಾವ ದೇಶದ ಹೆಸರೂ ಇಲ್ಲದೆ ನೃತ್ಯವನ್ನು ಉಳಿಸಿಕೊಳ್ಳಿ ಎಂದು ಟೀಚರಿಗೆ ಬರೆದೆ. ನೋಡೋಣ ಎಂದರು. ನಾಲ್ಕು ದಿನ ಬೇರೆ ಸುದ್ದಿ ಇರಲಿಲ್ಲ. ಪಕ್ಕದವಳು ಈ ನಡುವೆ ಮತ್ತೇನಾದರೂ ಹೇಳಿರಬಹುದೇ ಎಂದು ಆಗಲೂ ಯೋಚಿಸಿದ್ದುಂಟು.

ಇವತ್ತು ಮಧ್ಯಾಹ್ನ ಹೊಸ ಕರಪತ್ರ ಬಂದಿದೆ. ಚಾಕಲೇಟ್ ಮತ್ತು ಚಹಾದ ನಡುವೆ 'ಕಾಫಿ' ಎಂದಷ್ಟೇ ಇದೆ. ಅದರ ಕೆಳಗಿನ ನಾಲ್ಕು ಹೆಸರುಗಳಲ್ಲಿ ಮಗಳದು ಮೊದಲನೆಯದು. ನಾನು ಬರೆದ ಇತಿಹಾಸ ಇದ್ದ ಜಾಗದಲ್ಲಿ ಕಾರು ನಿಲ್ಲಿಸುವ ಸ್ಥಳದ ನಕ್ಷೆ ಇದೆ.