ಗಂಗಮ್ಮನ ಕೈಪೆಡಲ್ ಸೈಕಲ್ಲು

ಕಾಲಿಗೆ ಬಲವಿಲ್ಲದವರ ಮೂರು ಚಕ್ರದ ಸೈಕಲ್ ರಿಪೇರಿ ನನ್ನ ಕೆಲಸ. ನೆಲಮಂಗಲದಲ್ಲಿ ಗಂಗಮ್ಮನ ಸೈಕಲ್ಲಿಗೆ ಹೊಸ ಚೈನು ಹಾಕಿಕೊಟ್ಟೆ. ಕೈಯಲ್ಲಿ ಪೆಡಲ್ ತಿರುಗಿಸುತ್ತಾ ಖುಷಿಯಿಂದ ಹೊರಟವಳು ಹೆದ್ದಾರಿಯ ಅಂಚಿಗೆ ಬಂದು ನಿಂತುಬಿಟ್ಟಳು. ಅವಳ ಹೂವಿನಂಗಡಿ ಆಚೆ ಬದಿಗಿತ್ತು. ಸೈಕಲ್ ಕೆಟ್ಟು ಅವಳು ಮನೆಯಲ್ಲಿದ್ದಾಗ ನಡುವೆ ಎತ್ತರದ ಡಿವೈಡರ್ ಎದ್ದಿತ್ತು.

ಇವಳು ದಾಟೋದು ಹೆಂಗೆ ಅಂತ ಅಲ್ಲಿದ್ದ ರಸ್ತೆ ಕೆಲಸದ ಸೂಪರ್‌ವೈಸರನನ್ನು ಕೇಳಿದೆ.

“ಸ್ಕೈವಾಕ್ ಹತ್ಕೊಂಡು ಹೋಗ್ಲಿ ಗುರು,” ಅಂದ.

“ಮೆಟ್ಟಿಲು ಹೆಂಗಪ್ಪಾ ಹತ್ತಾಳೆ?”

“ರೂಲ್ಸೇ ಹಂಗೆ.”

ಗಂಗಮ್ಮ ಸಿಟ್ಟಾಗಲಿಲ್ಲ. “ಚೈನು ಚೆನ್ನಾಗಿ ಹಾಕಿದ್ದೀಯ ಕಣಪ್ಪಾ, ಮನೆಗೆ ಬೇಗ ಹೋಗ್ತೀನಿ,” ಎಂದು ಸೈಕಲ್ ತಿರುಗಿಸಿದಳು. ಆ ಅಂಗಡಿ ಮತ್ತೆ ತೆರೆಯಲಿಲ್ಲ.

ಅವತ್ತು ಏನೂ ತೋಚದೆ ನಾನೇ ಸ್ಕೈವಾಕ್ ಹತ್ತಿದೆ. ಮೇಲೆ ಮಲಗಿದ್ದ ನಾಯಿಯೊಂದನ್ನು ಬಿಟ್ಟರೆ ಯಾರೂ ಇರಲಿಲ್ಲ. ಕಾಲಿದ್ದವರೆಲ್ಲ ಕೆಳಗೆ ಡಿವೈಡರ್ ಹಾರಿಕೊಂಡು ಹೋಗುತ್ತಿದ್ದರು.