ಉಣ್ಣಲು ಕರೆದವರಿಗೆ ಕೂಡಲು ಜಾಗ

ಸೊಲ್ಲಾಪುರದ ಬಜಾರಿನಲ್ಲಿ ಈಗ ಎಳ್ಳ ಅಮವಾಸ್ಯೆಯ ಭಜ್ಜಿ ಪಲ್ಯಕ್ಕೆ ಬೇಕಾದ ಕಾಳು, ಸೊಪ್ಪು ಎಲ್ಲವನ್ನೂ ಬಿಡಿಸಿ, ಹೆಚ್ಚಿ, ಪ್ಲಾಸ್ಟಿಕ್ ಚೀಲದಲ್ಲೇ ಮಾರುತ್ತಾರೆ. ತವರಿನ ಹೊಲಕ್ಕೆ ಒಯ್ಯಲೆಂದು ಈ ವರ್ಷ ನಾನೂ ಒಂದು ಚೀಲ ತಂದೆ. ಹಸಿಕಡಲೆ, ಅವರೆ, ಮೆಂತ್ಯೆ ಒಟ್ಟಿಗೆ ಬೆಂದ ವಾಸನೆ ಬಂದದ್ದೇ ತಡ, ಸಾಲೆಯಲ್ಲಿ ನಮಗೆ ಕಲಿಸುತ್ತಿದ್ದ ಅಕ್ಕೋರು ನೆನಪಾದರು. ಸೌಟು ಹಿಡಿದುಕೊಂಡು ಹಾಗೇ ನಿಂತೆ...

ಅಕ್ಕೋರು ಮೈಂದರ್ಗಿಯಿಂದ ಬಸ್ಸಿನಲ್ಲಿ ನಮ್ಮೂರಿಗೆ ಬರುತ್ತಿದ್ದರು. ಹಿಂದೆ ಮುಂದೆ ಯಾರೂ ಇಲ್ಲದ ಒಂಟಿ ಹೆಂಗಸು. ಅಕ್ಕಲಕೋಟೆಯಲ್ಲಿ ಜೀವವೈವಿಧ್ಯದ ಮೇಲೆ ಭಾಷಣ ಸ್ಪರ್ಧೆ ಇದ್ದಾಗ ನನ್ನನ್ನು ತಯಾರು ಮಾಡಿದವರು ಅವರೇ. ನಾನು ಗೈಡಿನಿಂದ ದೊಡ್ಡ ದೊಡ್ಡ ಮಾತು ಇಳಿಸಿಕೊಂಡು ಹೋಗಿದ್ದೆ. ಓದಿ ನಕ್ಕುಬಿಟ್ಟರು.

"ಇದನ್ನ ಕೇಳಿ ನಿಮ್ಮಪ್ಪಾರು ಮಾಳ ಕೆಡಸೂದು ಬಿಡ್ತಾರೇನವಾ?"

ನಮ್ಮ ಹೊಲದ ಹಿಂದೆ ಒಂದು ಮಾಳವಿತ್ತು. ಬರೀ ಕಲ್ಲು, ಹುಲ್ಲು, ನೆಲದ ಮೇಲೆಯೇ ಮೊಟ್ಟೆ ಇಡುವ ಹಕ್ಕಿಗಳು. ಅದನ್ನು ಜೆಸಿಬಿಯಿಂದ ಸಪಾಟು ಮಾಡಿಸಿ ಕಬ್ಬು ಹಚ್ಚಬೇಕೆಂದು ಅಪ್ಪ ನಿಶ್ಚಯಿಸಿದ್ದ. ಅಕ್ಕೋರು ನನ್ನ ಕಾಗದ ಮಡಚಿಟ್ಟು, ಎದುರಿಗೆ ಅಪ್ಪನೇ ಕೂತಿದ್ದಾನೆ ಅಂದುಕೊಂಡು ಮಾತಾಡು ಎಂದರು. ಹಾಗೆ ಹುಟ್ಟಿದ ಭಾಷಣ ಅದು: "ಅಮವಾಸಿ ದಿವಸ ಚರಗಾ ಚೆಲ್ಲಿ ಇರುವಿ, ಹಕ್ಕಿ, ಹುಳಾ ಎಲ್ಲಾರನ್ನೂ ಉಣ್ಣಾಕ ಕರೀತೀವಿ. ಕರದು, ಕೂಡಾಕ ಜಾಗಾ ಇಲ್ಲಂದ್ರ ಅದ್ಯಾವ ಮನಿತನದ ರೀತಿ?" ಸ್ಪರ್ಧೆಯಲ್ಲಿ ಮೊದಲ ಬಹುಮಾನ, ಒಂದು ಸ್ಟೀಲ್ ತಂಬಿಗೆ ಬಂತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ವರ್ಷದ ಅಮವಾಸ್ಯೆಗೆ ಅಕ್ಕೋರನ್ನೂ ಹೊಲದ ಊಟಕ್ಕೆ ಕರೆದಿದ್ದೆವು. ಮಾಡಿದ ಅಡುಗೆಯನ್ನು ಹೊಲದ ತುಂಬ ಚರಗವೆಂದು ಚೆಲ್ಲಿ ಎಲ್ಲರೂ ಉಣ್ಣಲು ಕೂತಾಗ ಅವರು ಮೆಲ್ಲಗೆ, ಆ ಭಾಷಣ ಒಂದು ಸಲ ಹೇಳು ಅಂದರು. ಎದ್ದು ನಿಂತೆ. ಅಪ್ಪನ ಮುಖ ನೋಡಿದೆ. ನಾಲ್ಕು ಮಂದಿಯ ಎದುರು ಅಪ್ಪನಿಗೇ ಬುದ್ಧಿ ಹೇಳುವುದೆಂದರೆ... ಮರೆತುಹೋಯಿತು ಎಂದುಬಿಟ್ಟೆ.

ಅಕ್ಕೋರು ನನ್ನಿಂದ ಕಣ್ಣು ತಿರುಗಿಸಿಕೊಂಡರು. "ಮರೀತದ ಬಿಡವಾ, ಉಣ್ಣು" ಎಂದರು. ಸಂಜೆ ಬಸ್ಸಿಗೆ ಒಬ್ಬರೇ ನಡೆದುಹೋದರು. ವಾರದೊಳಗೆ ಜೆಸಿಬಿ ಬಂತು. ಮುಂದಿನ ಬೇಸಿಗೆಯಲ್ಲಿ ಅವರಿಗೆ ಬೇರೆ ಊರಿಗೆ ಬದಲಿಯೂ ಆಯಿತು. ನಾನು ಒಂದು ಕಾಗದ ಸಹ ಬರೆಯಲಿಲ್ಲ. ಯಾವ ಮುಖ ಹೊತ್ತು ಬರೆಯಲಿ?

ಈ ಸಲ ಹೊಲಕ್ಕೆ ಹೋದಾಗ ಸುತ್ತಲೂ ಕಬ್ಬೇ ಕಬ್ಬು. ಚರಗ ಚೆಲ್ಲಿದ ಅಪ್ಪ ಹುಬ್ಬಿನ ಮೇಲೆ ಕೈಯಿಟ್ಟು ಕಾದ. ಒಂದು ಹಕ್ಕಿಯೂ ಇಳಿಯಲಿಲ್ಲ. ಉಣ್ಣಲು ಕೂತ ಮೇಲೆ, ನನ್ನ ಕಡೆ ನೋಡದೆಯೇ ಕೇಳಿದ.

"ಅವತ್ತ ನೀ ಮರತಿದ್ದಿಲ್ಲ, ಹೌದಲ್ಲ?"

ಮರೆತಿರಲಿಲ್ಲ ಅಂದೆ.

"ಈಗರೆ ಹೇಳು."

ಹೇಳಿದೆ. ಒಂದು ಮಾತೂ ತಪ್ಪಲಿಲ್ಲ. ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಹಿಡಿದುಕೊಂಡು ಕೊನೆಯ ತನಕ ಕೇಳಿದ. ಇದನ್ನು ಅಕ್ಕೋರಿಗೆ ತಿಳಿಸೋಣವೆಂದರೆ, ಅವರು ತೀರಿಕೊಂಡು ಎರಡು ವರ್ಷವಾಯಿತು.